ದಿಂಬಿನ ಚೀಲದಷ್ಟು ಕೂದಲು

ನಾಲಿಗೆಗೆ ಎಲುಬಿಲ್ಲ ಅಂತಾರೆ. ಆ ಮಾತು ಮಾಡಿದವರು ನನ್ನನ್ನು ನೋಡಿಯೇ ಮಾಡಿರಬೇಕು. ಪಕ್ಕದ ಮನೆಯ ಅಜ್ಜಿ ಒಂದು ಮಂಗಳವಾರ ಟೀ ಬಗ್ಗಿಸುತ್ತಾ, "ನಿಮ್ಮೂರ ಕಡೆ ನೂಲುವವರು ಇದ್ದಾರಾ?" ಅಂತ ಸುಮ್ಮನೆ ಮಾತಿಗೆ ಕೇಳಿದ್ದು. ಇದ್ದಾರೆ ಅಂದು ಬಿಸ್ಕೆಟ್ ಅದ್ದಿಕೊಂಡು ತಿನ್ನಬಹುದಿತ್ತು. ನಾನು ಎದೆ ಉಬ್ಬಿಸಿ, "ಏನು ಹೀಗೆ ಕೇಳ್ತೀರಾ? ನಾವು ಪಿಂಜಾರರು. ಹತ್ತಿ ಹಿಂಜೋದೇ ನಮ್ಮ ಕಸುಬು. ನಮ್ಮಪ್ಪ, ಅವರಪ್ಪ, ಅವರಪ್ಪನ ಅಪ್ಪ, ಎಲ್ಲರೂ ಅದೇ. ನನಗೂ ಅದು ಕೈಯಲ್ಲೇ ಬಂದುಬಿಟ್ಟಿದೆ" ಅಂದೆ.

ಕೊನೆಯ ವಾಕ್ಯ ಒಂದು ಬಿಟ್ಟರೆ ಉಳಿದದ್ದೆಲ್ಲ ನಿಜ. ಗದಗದ ಹತ್ತಿರದ ನಮ್ಮೂರಲ್ಲಿ ಅಪ್ಪ ಹೆಗಲ ಮೇಲೆ ಆಳುದ್ದದ ಕಮಾನು ಹೊತ್ತುಕೊಂಡು ಓಣಿ ಓಣಿ ತಿರುಗುತ್ತಿದ್ದ. ಯಾರದೋ ಪಡಸಾಲೆಯಲ್ಲಿ ಹಳೇ ಗಾದಿಯ ಹೊಲಿಗೆ ಬಿಚ್ಚಿ, ವರ್ಷಗಟ್ಟಲೆ ಮಲಗಿ ಮಲಗಿ ಕಲ್ಲಾಗಿದ್ದ ಹತ್ತಿಯನ್ನು ಗುಡ್ಡೆ ಹಾಕಿ, ಕಮಾನಿನ ಹುರಿಯನ್ನು ಅದರೊಳಗೆ ಇಳಿಸಿ ಮರದ ಗುಂಡಿನಿಂದ ಮೀಟುತ್ತಿದ್ದ. ಟೊಂಯ್ ಟೊಂಯ್. ಸಂಜೆ ಹೊತ್ತಿಗೆ ಆ ಹತ್ತಿ ಪಡಸಾಲೆ ತುಂಬ ಉಬ್ಬಿ ನಿಂತಿರುತ್ತಿತ್ತು. ನನ್ನನ್ನು ಮಾತ್ರ ಕಮಾನಿನ ಹತ್ತಿರ ಬಿಡುತ್ತಿರಲಿಲ್ಲ. "ಧೂಳು ಕುಡದ ಎದಿ ನಂದೊಂದ ಸಾಕು. ನೀ ಹೋಗಿ ಓದು" ಅಂತ ಅಟ್ಟುತ್ತಿದ್ದ. ನಾನೂ ಖುಷಿಯಿಂದಲೇ ಹೋಗುತ್ತಿದ್ದೆ. ಶಾಲೆಯಲ್ಲಿ ಹುಡುಗಿಯರು ನನ್ನನ್ನು ಕಂಡರೆ "ಟೊಂಯ್ ಟೊಂಯ್" ಅಂದು ಕಿಸಕ್ಕನೆ ನಗುತ್ತಿದ್ದರು, ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಅಂಥವಳ ಮುಂದೆ ಈ ಅಜ್ಜಿ ಟೀ ಕೆಟಲ್ ಕೆಳಗಿಟ್ಟರು. ನನ್ನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಡಾಕ್ಟರು ನೋಡಿದಂಗೆ ನೋಡಿದರು. "ಹಿಂಜುವವರ ಮಗಳಾ ನೀನು! ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂದರು. ಹುಟ್ಟಿದ ಮೇಲೆ ಮೊದಲ ಸಲ ನನ್ನ ಅಪ್ಪನ ಕಸುಬು ಕೇಳಿ ಒಬ್ಬರು ಕಣ್ಣರಳಿಸಿದ್ದು. ಆ ಕಣ್ಣು ನೋಡಿ, "ನಾನು ಕಮಾನು ಮುಟ್ಟಿಯೂ ಇಲ್ಲ" ಅನ್ನೋದು ನನ್ನಿಂದಾಗಲಿಲ್ಲ.

ಕಡಲಾಚೆಯ ಈ ದೇಶದಲ್ಲಿ, ಗಾಲ್ವೇ ಊರೊಳಗೆ ಬಾಡಿಗೆ ಮನೆ ಸಿಗದೆ, ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಈ ಹಳ್ಳಿಗೆ ಬಂದು ಬಿದ್ದವರು ನಾವು: ನಾನು, ನನ್ನ ಗಂಡ, ಹನ್ನೊಂದು ವರ್ಷದ ಮಗಳು. ನಾನು ಕೆಲಸ ಮಾಡೋದು ಹೃದಯಕ್ಕೆ ಹಾಕುವ ಸಣ್ಣ ನಳಿಕೆಗಳನ್ನು ತಯಾರಿಸುವ ಕಂಪನಿಯಲ್ಲಿ, ಕ್ವಾಲಿಟಿಯಲ್ಲಿ. ಭೂತಗನ್ನಡಿಯ ಕೆಳಗೆ ಒಂದು ಕೂದಲು ಕಂಡರೆ ಸಾಕು, ಇಡೀ ಬ್ಯಾಚು ತಡೆದು ನಿಲ್ಲಿಸೋದೇ ನನ್ನ ನೌಕರಿ. ಅಂಥ ನಾನು ವಾರಕ್ಕೊಮ್ಮೆ ಪಕ್ಕದ ಮನೆಗೆ ಹೋಗಿ ಕುರಿ, ಮೊಲ, ಮೇಕೆ, ಏನೇನೋ ಕೂದಲಿನ ನಡುವೆ ಕೂತು ಬರುತ್ತಿದ್ದೆ. ಕೆಲಸಕ್ಕೆ ಹೋಗುವ ಮುಂಚೆ ಬಟ್ಟೆ ಮೇಲೆಲ್ಲ ಅಂಟು ಟೇಪು ಒತ್ತಿ ಒತ್ತಿ ತೆಗೆಯೋದು ಬೇರೆ.

ಈ ಊರಲ್ಲಿ ಎಂಬತ್ತರ ಮುದುಕರನ್ನೂ ಹೆಸರು ಹಿಡಿದು ಕರೀತಾರೆ. ನನ್ನ ಬಾಯಿಗೆ ಅದು ಬರಲಿಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ಆದರೂ, ಕರೆಯುವಾಗ ಮಾತ್ರ ಅಜ್ಜಿ ಅನ್ನುತ್ತಿದ್ದೆ, ಅರ್ಥ ಹೇಳಿ ಒಪ್ಪಿಗೆ ತಗೊಂಡೇ. "ಮದುವೆಯೇ ಆಗದವಳನ್ನ ಸೀದಾ ಅಜ್ಜಿ ಮಾಡಿಬಿಟ್ಟೆಯಾ!" ಅಂತ ನಕ್ಕಿದ್ದರು. ಒಂಟಿ ಹೆಂಗಸು, ಹನ್ನೆರಡು ಕುರಿ, ಒಂದು ಕಪ್ಪು ಬಿಳಿ ಕುರಿನಾಯಿ. ಆ ಸಂಸಾರವನ್ನು ಅವರು ನಡೆಸುತ್ತಿದ್ದ ಠೀವಿ ನೋಡಬೇಕಿತ್ತು. ನಾನು ಮೊದಲ ಸಲ ಹೋದಾಗ ಬಿಸ್ಕೆಟ್ ಪೊಟ್ಟಣ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಓದಿ, "ಇದರಲ್ಲಿ ಹಂದಿಯದ್ದೇನೂ ಇಲ್ಲ, ತಿನ್ನು" ಅಂದರು. ನಾನು ಕೇಳಿಯೂ ಇರಲಿಲ್ಲ, ಹೇಳಿಯೂ ಇರಲಿಲ್ಲ.

ಅವರ ಕೈಚಳಕ ಇದ್ದದ್ದು ಬೆರಕೆಯಲ್ಲಿ. ಕುರಿ ಉಣ್ಣೆ ನೂಲೋದು ಯಾರಿಗಾದರೂ ಬರುತ್ತೆ, ಅದಕ್ಕೆ ಯಾವುದನ್ನು ಎಷ್ಟು ಸೇರಿಸಬೇಕು ಅನ್ನೋದರಲ್ಲಿ ಇದೆ ವಿದ್ಯೆ ಅನ್ನುತ್ತಿದ್ದರು. ಒಂದು ದೊಡ್ಡ ಬಿಸ್ಕೆಟ್ ಡಬ್ಬಿಯ ತುಂಬ ಬೆರಳುದ್ದದ ನೂಲಿನ ಕಂತೆಗಳು, ಒಂದೊಂದಕ್ಕೂ ಒಂದು ಚೀಟಿ. ತುರಿಕೆ ಗಿಡದ ನಾರು ಮತ್ತು ಉಣ್ಣೆ. ಮೊಲದ ಕೂದಲು ಮತ್ತು ರೇಷ್ಮೆ. ಕಡಲಪಾಚಿಯಿಂದ ಮಾಡಿದ ನಾರು. ಇಲ್ಲಿನ ಜೌಗು ನೆಲದಲ್ಲಿ ಬೇಸಿಗೆ ಹೊತ್ತಿಗೆ ಬೆಳ್ಳಗೆ ಬಿಡುವ ಕಾಡುಹತ್ತಿ. ಅದನ್ನು ಮೊದಲು ಕಂಡಾಗ ಬಸ್ಸಿನ ಕಿಟಕಿಯಿಂದ ನಾನು "ಅಯ್ಯೋ, ಹತ್ತಿ ಹೊಲ!" ಅಂತ ಕನ್ನಡದಲ್ಲೇ ಕೂಗಿದ್ದೆ. ಅಜ್ಜಿಯ ಚೀಟಿಯಲ್ಲಿ ಅದರ ಬಗ್ಗೆ ಬರೆದಿತ್ತು: "ನೋಡೋಕೆ ಚೆಂದ, ಎಳೆದರೆ ಮುರೀತು. ಸೋತೆ." ಸೋತದ್ದನ್ನೂ ಗೆದ್ದದ್ದರ ಪಕ್ಕದಲ್ಲೇ ಇಟ್ಟುಕೊಂಡ ಮನುಷ್ಯರನ್ನು ನಾನು ಕಂಡದ್ದು ಕಡಿಮೆ. ನಮ್ಮ ಕಂಪನಿಯಲ್ಲಂತೂ ಸೋತ ಬ್ಯಾಚಿನ ಸುದ್ದಿ ಎತ್ತಿದರೆ ಎಲ್ಲರೂ ಚಾವಣಿ ನೋಡುತ್ತಾರೆ.

ಪರೀಕ್ಷೆ ಮಾಡುತ್ತಿದ್ದ ಕ್ರಮವೂ ಅವರದೇ. ಚಿಟಿಕೆ ಬೆರಕೆ ತಗೊಂಡು ತೊಡೆಯ ಮೇಲೆ ಹೊಸೆದು, ಮೊಳದಷ್ಟು ಎಳೆ ಮಾಡಿ, ಅದಕ್ಕೊಂದು ಟೀ ಚಮಚ ಕಟ್ಟಿ ನೇತು ಹಾಕುವುದು. ಚಮಚ ಬಿದ್ದರೆ ಬೆರಕೆ ಸರಿ ಇಲ್ಲ. "ಇದಕ್ಕೆ ಬಲ ಇದೆ, ನಯ ಇಲ್ಲ. ಅದಕ್ಕೆ ನಯ ಇದೆ, ಹಿಡಿತ ಇಲ್ಲ. ಇಬ್ಬರಿಗೂ ಸಂಬಂಧ ಕುದುರಿಸೋದು ನನ್ನ ಕೆಲಸ" ಅನ್ನುತ್ತಿದ್ದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಒಂದು ಸಲ ನನ್ನ ಮಗಳ ಹಳೇ ರೇಷ್ಮೆ ಲಂಗದ ಅಂಚು ಬಿಚ್ಚಿ ಕೊಟ್ಟೆ, ಅದನ್ನೂ ಎಳೆ ಎಳೆ ಬಿಡಿಸಿ ಉಣ್ಣೆಯೊಳಗೆ ಸೇರಿಸಿ, ಬೂದು ನೂಲಿನ ಮೈಯಲ್ಲಿ ಅಲ್ಲಲ್ಲಿ ಕೆಂಪು ಮಿಂಚುವಂತೆ ಮಾಡಿ ಕೊಟ್ಟರು. ಎಂಥ ಕೈ ಅದು!

ಆ ನಾಯಿಗೆ ನಾನು ಹೆದರುತ್ತಿದ್ದೆ. ಕುರ್ಚಿಯ ಮೇಲೆ ಕಾಲು ಮಡಚಿಕೊಂಡೇ ಕೂರುತ್ತಿದ್ದೆ. ಅದೇನೂ ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ, ಅಜ್ಜಿ ರಾಟೆಯ ಮುಂದೆ ಕೂತರೆ ಅವರ ಒಂದು ಪಾದ ರಾಟೆ ತುಳಿಯುತ್ತಿತ್ತು, ಇನ್ನೊಂದು ಪಾದದ ಮೇಲೆ ನಾಯಿ ಗದ್ದ ಊರಿ ಮಲಗುತ್ತಿತ್ತು. ಕಾಲು ಬದಲಿಸಿದರೆ ಅದೂ ಎದ್ದು ಬದಲಿಸುತ್ತಿತ್ತು. ಹದಿನಾಲ್ಕು ವರ್ಷ ಹೀಗೇ. ಫೆಬ್ರವರಿಯಲ್ಲಿ ಅದು ಸತ್ತುಹೋಯಿತು.

ಸತ್ತು ಎರಡು ತಿಂಗಳಾದ ಮೇಲೆ ಅಜ್ಜಿ ಒಂದು ದಿಂಬಿನ ಚೀಲ ತಂದು ನನ್ನ ಮಡಿಲಿಗೆ ಹಾಕಿದರು. ಪ್ರತಿ ವಸಂತದಲ್ಲೂ ನಾಯಿಯ ಮೈ ಬಾಚಿದಾಗ ಬಂದ ಒಳಗೂದಲು, ವರ್ಷ ವರ್ಷದ್ದೂ ಕೂಡಿಟ್ಟದ್ದು. ಮೇಲಿನ ಒರಟು ಕೂದಲೆಲ್ಲ ಆರಿಸಿ ತೆಗೆದು ಉಳಿದದ್ದು ಇಷ್ಟೇ. ಮುಟ್ಟಿದರೆ ಕೈಗೆ ಏನೂ ತಾಗದಷ್ಟು ಮೆತ್ತಗೆ. "ಇದಕ್ಕೆ ಎರಡು ಪಾಲು ಕುರಿಮರಿ ಉಣ್ಣೆ ಸೇರಿಸಬೇಕು. ಬರೀ ನಾಯಿಕೂದಲು ಜಾರುತ್ತೆ, ನಿಲ್ಲಲ್ಲ. ಲೆಕ್ಕ ಹಾಕಿದ್ದೀನಿ, ಮೊಣಕಾಲುದ್ದದ ಒಂದು ಜೊತೆ ಕಾಲುಚೀಲ ಆಗುತ್ತೆ" ಅಂದರು. ಕಾಲುಚೀಲವೇ ಯಾಕೆ ಅಂತ ಕೇಳಿದೆ. "ಮತ್ತೆ? ಅವನು ಮಲಗ್ತಾ ಇದ್ದದ್ದು ಕಾಲ ಮೇಲೆ ತಾನೆ" ಅಂದರು. ಆಮೇಲೆ ತಮ್ಮ ಹೆಬ್ಬೆರಳುಗಳನ್ನು ತೋರಿಸಿದರು, ಬುಡದಲ್ಲಿ ಬಾತು ಗಂಟಾಗಿದ್ದವು. "ರಾಟೆ ತಿರುಗಿಸ್ತೀನಿ. ಹಿಂಜೋಕೆ ಇವು ಕೇಳ್ತಾ ಇಲ್ಲ. ಬೇರೆಯವರ ಕೈಗೆ ಕೊಡೋಕೆ ನನಗೆ ಮನಸ್ಸು ಬರಲಿಲ್ಲ. ನೀನು ಹಿಂಜುವವರ ಮಗಳು."

ಆಗಲಾದರೂ ಬಾಯಿ ಬಿಡಬೇಕಿತ್ತು. "ಕೊಡಿ, ಅದೇನು ಮಹಾ" ಅಂದೆ.

ಶನಿವಾರ ಅಡುಗೆಮನೆಯ ನೆಲದ ಮೇಲೆ ಬೆಡ್‌ಶೀಟ್ ಹಾಸಿಕೊಂಡು ಕೂತೆ. ಅಜ್ಜಿ ಕುರಿಮರಿ ಉಣ್ಣೆಯ ಜೊತೆ ತಮ್ಮ ತಂತಿ ಹಲ್ಲಿನ ಎರಡು ಹಲಗೆ ಕೊಟ್ಟಿದ್ದರು, ಒಂದರ ಮೇಲೆ ನಾರು ಹರಡಿ ಇನ್ನೊಂದರಿಂದ ಬಾಚಿಕೊಂಡು ಹೋಗುವುದು. ಆದರೆ ನನ್ನ ಕಣ್ಣ ಮುಂದಿದ್ದದ್ದು ಅಪ್ಪ. ಅಪ್ಪ ಮೊದಲು ಹತ್ತಿಯನ್ನು ಕೋಲಿನಿಂದ ಬಡಿಯುತ್ತಿದ್ದ, ನಾನೂ ಚಪಾತಿ ಲಟ್ಟಣಿಗೆ ತಗೊಂಡು ಬಡಿದೆ. ಅಪ್ಪ ಬೆವರು ಇಳಿಯುವಂತೆ ಹಿಂಜುತ್ತಿದ್ದ, ನಾನೂ ಹಲ್ಲು ಕಚ್ಚಿ ಹಲಗೆಗಳನ್ನು ಪರಪರ ಎಳೆದೆ. ಇನ್ನೂ ಉಬ್ಬಲಿ, ಇನ್ನೂ ಉಬ್ಬಲಿ ಅಂತ ಎಳೆದೆ. ಒಂದು ಗಂಟೆ ಕಳೆದು ನೋಡಿದರೆ ಅರ್ಧ ಚೀಲ ಮುಗಿದಿತ್ತು, ಮುಂದೆ ಬಿದ್ದಿದ್ದದ್ದು ನಾರಲ್ಲ. ಕೂದಲು ತುಂಡು ತುಂಡಾಗಿ, ಉಣ್ಣೆಯೊಳಗೆ ಸುತ್ತಿಕೊಂಡು, ಮುಟ್ಟಿದಲ್ಲೆಲ್ಲ ರವೆಯಂಥ ಗಂಟು. ಮಗಳು ಫ್ರಿಜ್ಜಿನಿಂದ ಹಾಲು ತಗೊಳ್ಳೋಕೆ ಬಂದವಳು ಬಗ್ಗಿ ನೋಡಿ, ಅಚ್ಚ ಗಾಲ್ವೇ ರಾಗದಲ್ಲಿ, "ಅಮ್ಮಿ, ದಟ್ಸ್ ಉಪ್ಪಿಟ್ಟು" ಅಂದು ಹೋದಳು.

ಮೂರು ದಿನ ಅಜ್ಜಿಯ ಕಣ್ಣು ತಪ್ಪಿಸಿದೆ. ಕಸದ ಡಬ್ಬಿ ಹೊರಗಿಡೋಕೂ ಗಂಡನನ್ನು ಕಳಿಸಿದೆ. ಇನ್ನೊಂದು ಚೀಲ ತಂದು ಕೊಡೋಣ ಅಂದರೆ ಆ ನಾಯಿ ಎಲ್ಲಿಂದ ಬರಬೇಕು? ಮಂಗಳವಾರ ಬಂದೇ ಬಂತು, ಎರಡೂ ಅರ್ಧ ಹಿಡಿದುಕೊಂಡು ಹೋದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಮೊದಲು "ನಿಮ್ಮ ಹಲಗೆಯ ಹಲ್ಲು ಯಾಕೋ ಚೂಪು" ಅಂತಲೇ ಶುರು ಮಾಡಿದೆ. ಅಜ್ಜಿ ಎರಡನೇ ಕನ್ನಡಕವನ್ನೂ ಹಾಕಿಕೊಂಡರು. ನನಗೆ ಅಳು ಬಂತು. "ನಾನು ಸುಳ್ಳು ಹೇಳಿದ್ದೆ. ಹಿಂಜೋದು ನಮ್ಮಪ್ಪ. ನಾನು ಜೀವನದಲ್ಲಿ ಒಂದು ದಿನವೂ ಹಿಂಜಿಲ್ಲ" ಅಂದುಬಿಟ್ಟೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೆಟ್ಟುಹೋದದ್ದರಲ್ಲಿ ಒಂದು ಚಿಟಿಕೆ ತಗೊಂಡು ಬೆರಳಲ್ಲಿ ಉಜ್ಜಿದರು, ಕಿಟಕಿಯ ಕಡೆ ಹಿಡಿದು ನೋಡಿದರು. ಮುಖ ಬಾಡಿಹೋಯಿತು. ಉಳಿದ ಅರ್ಧ ಚೀಲವನ್ನು ಅಂಗೈಯಲ್ಲಿ ತೂಗಿ, "ಹಾಗಾದರೆ ಒಂದು ಕಾಲಿಗೆ ಆಗುತ್ತೆ. ಗ್ರ್ಯಾಂಡ್" ಅಂದರು. ಇಲ್ಲಿಯವರು ಎಲ್ಲದಕ್ಕೂ ಗ್ರ್ಯಾಂಡ್ ಅನ್ನುತ್ತಾರೆ, ಚೆನ್ನಾಗಿದ್ದರೂ ಅದೇ, ಮನೆ ಮುಳುಗಿದರೂ ಅದೇ. ಯಾವ ಗ್ರ್ಯಾಂಡ್ ಯಾವುದು ಅನ್ನೋದು ಐದು ವರ್ಷದಲ್ಲಿ ನನಗೂ ತಿಳಿಯುತ್ತಿತ್ತು. ಆಮೇಲೆ ಅವರೇ ಕೇಳಿದರು: "ನಿಮ್ಮಪ್ಪ ಇದ್ದಾರಾ? ಅವರನ್ನ ಕೇಳೋಕಾಗುತ್ತಾ?"

ಅಪ್ಪ ಇದ್ದ. ಕಮಾನು ಕೆಳಗಿಟ್ಟು ಹದಿನೈದು ವರ್ಷವಾಗಿತ್ತು, ನನ್ನ ತಮ್ಮನ ಗಾದಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಗಿರಾಕಿಗಳ ಜೊತೆ ಹರಟೆ ಹೊಡೆಯುವುದೇ ಉದ್ಯೋಗ. ಅಲ್ಲಿ ಅವನು ಸಂಜೆಯ ಅಸರ್ ನಮಾಜು ಮುಗಿಸಿ ಬಂದ ಹೊತ್ತಿಗೆ ಅಜ್ಜಿಯ ಅಡುಗೆಮನೆಯಿಂದಲೇ ವಿಡಿಯೊ ಕಾಲ್ ಮಾಡಿದೆ. ಇಲ್ಲಿ ಮಧ್ಯಾಹ್ನ, ನನಗೆ ಆ ತಿಂಗಳು ಸಂಜೆ ಶಿಫ್ಟ್. ಕತೆಯೆಲ್ಲ ಕೇಳಿದ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀ ಯಾವಾಗ ಹಿಂಜಿದ್ದಿ ಯವ್ವಾ? ಹಿಂಜಿದ್ದು ನನ್ನ ತಲಿ ಒಂದ!" ಆಮೇಲೆ ಕೇಳಿದ: "ಯಾವುದರ ಕೂದಲದು?"

"ಮೊಲದ್ದು" ಅಂದೆ.

ಒಂದು ಸುಳ್ಳು ಒಪ್ಪಿಕೊಂಡು ಅರ್ಧ ಗಂಟೆಯೂ ಆಗಿರಲಿಲ್ಲ, ನೋಡಿ. ಏನು ಮಾಡೋದು? ನಾಯಿ ಹೊಸ್ತಿಲು ಹತ್ತಿದರೆ ಅಪ್ಪ ಜಗಲಿಗೆಲ್ಲ ನೀರು ಹಾಕಿಸುತ್ತಿದ್ದ. ನಮಾಜು ಮಾಡುವ ಮನೆ ಇದು ಅಂತ ಓಣಿಗೆ ಕೇಳುವಂತೆ ಕೂಗಾಡುತ್ತಿದ್ದ. ನಾಯಿಕೂದಲು ಹಿಂಜೋಕೆ ಕಲಿಸು ಅಂತ ಅವನನ್ನು ಹೇಗೆ ಕೇಳಲಿ?

ಅಪ್ಪ ಮೊದಲು ಕೆಟ್ಟ ಅರ್ಧವನ್ನು ತೋರಿಸಲು ಹೇಳಿದ. ನೋಡಿ, "ಅದು ಹೋತು. ಗಂಟು ಬಿದ್ದದ್ದು ನೂಲಾಗಂಗಿಲ್ಲ. ದಿಂಬಿಗೆ ತುಂಬು, ಇಲ್ಲಾ ಚೆಲ್ಲು" ಅಂದ. ಉಳಿದರ್ಧಕ್ಕೆ ತಂತಿ ಹಲ್ಲು ಸೋಕಿಸಬಾರದು, ಇಂಥ ಸಣ್ಣ ಕೂದಲಿಗೆ ಕಮಾನೇ ಬೇಕು, ಹುರಿ ನಾರನ್ನು ಹರಿಯಂಗಿಲ್ಲ, ನಡುಗಸತೈತಿ ಅಷ್ಟ ಅಂದ. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳುವ ಮೊದಲೇ ಅಜ್ಜಿ ಎದ್ದು, ಹಿತ್ತಲ ಬೇಲಿಯಿಂದ ಒಂದು ಹಸಿ ಕೋಲು ಕತ್ತರಿಸಿಕೊಂಡು ಬಂದರು. ಅಪ್ಪ ಫೋನಿನಲ್ಲಿ ಕೈಯಿಂದ ಬಾಗಿಸಿ ತೋರಿಸಿದ, ಅವರು ಬಾಗಿಸಿದರು. ನೈಲಾನ್ ದಾರ ತೋರಿಸಿದರೆ ಅಪ್ಪ ತಲೆ ಅಲ್ಲಾಡಿಸಿದ. ಹತ್ತಿ ದಾರ ತೋರಿಸಿದರೆ ಮೂರು ಬೆರಳು ಎತ್ತಿದ. ಅಜ್ಜಿ ಮೂರು ಎಳೆ ಹೊಸೆದು, ತಾವಾಗಿಯೇ ಮೇಣದ ಬತ್ತಿ ಉಜ್ಜಿದರು. "ಆಹಾ, ಆಕಿ ಬಲ್ಲಾಕಿ!" ಅಂದ ಅಪ್ಪ. ಅದನ್ನು ನಾನು ತಿರುಗಿಸಿ ಹೇಳಬೇಕಾಗಲಿಲ್ಲ, ಅಜ್ಜಿಯ ಕಿವಿ ಕೆಂಪಾಗಿತ್ತು.

ಒಂದು ಪದರ ಉಣ್ಣೆ, ಅದರ ಮೇಲೆ ತೆಳ್ಳಗೆ ಕೂದಲು, ಮತ್ತೆ ಉಣ್ಣೆ. ಬೂರುಗದ ಹತ್ತಿ ಹಾರಿಹೋಗದಂತೆ ಅಪ್ಪ ಹೀಗೇ ಅರಳೆಯ ನಡುವೆ ಇಟ್ಟು ಹಿಂಜುತ್ತಿದ್ದನಂತೆ. ಕಿಟಕಿ ಮುಚ್ಚಿಸಿದ. ಆಮೇಲೆ ಅವನು ಹೇಳಿದ್ದು ಕೇಳಿ ನಾನು ದಂಗಾದೆ. "ಫೋನ್ ನೆಲದ ಮ್ಯಾಲಿಡು. ನನಗ ನೋಡೂದು ಬ್ಯಾಡ, ಕೇಳಸು." ನಾನು ಕಮಾನಿನ ಹುರಿಯನ್ನು ನಾರಿನೊಳಗೆ ಇಳಿಸಿ ಮರದ ಸೌಟಿನ ಹಿಡಿಯಿಂದ ಮೀಟಿದೆ. "ಆಳ ಆತು" ಅಂದ. ಮೇಲೆತ್ತಿ ಮೀಟಿದೆ. "ಈಗ ಗಾಳಿ ಹೊಡಿಯಾಕತ್ತೀ." ಐದು ಸಾವಿರ ಮೈಲಿ ಆಚೆ, ಗಿರಾಕಿಗಳ ಗದ್ದಲದ ನಡುವೆ ಕಣ್ಣು ಮುಚ್ಚಿ ಕೂತವನು, ಬರೀ ಸದ್ದಿನಿಂದ ನನ್ನ ಹುರಿ ನಾರಿನೊಳಗೆ ಎಷ್ಟು ಬೆರಳು ಇಳಿದಿದೆ ಅಂತ ಹೇಳುತ್ತಿದ್ದ. ಶಾಲೆಯ ಹುಡುಗಿಯರು ಅಣಕಿಸುತ್ತಿದ್ದ ಆ ಸದ್ದಿನಲ್ಲಿ ಇಷ್ಟೆಲ್ಲ ಇತ್ತೇ ಅಂತ ನನಗೆ ಹೊಟ್ಟೆ ಉರಿಯಿತು, ನನ್ನ ಮೇಲೇ. ಇಪ್ಪತ್ತನೆಯದೋ ಮೂವತ್ತನೆಯದೋ ಮೀಟಿಗೆ ಅಪ್ಪ "ಹಾಂ, ಇದ" ಅಂದ. ನೋಡಿದರೆ ಹುರಿಯ ಸುತ್ತ ನಾರು ಬಿಡಿಸಿಕೊಂಡು ಏಳುತ್ತಿತ್ತು, ಕಪ್ಪು ಯಾವುದು ಬಿಳಿ ಯಾವುದು ಗೊತ್ತಾಗದಂತೆ ಒಂದೇ ಬೂದು ಬಣ್ಣ.

ಅಜ್ಜಿ ಒಂದು ಚಿಟಿಕೆ ತಗೊಂಡು ಹೊಸೆದು ಚಮಚ ಕಟ್ಟಿದರು. ಚಮಚ ಬೀಳಲಿಲ್ಲ. ಅವರು ಒಂದು ಕ್ಷಣ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತರು, ಆಮೇಲೆ ಸರಸರ ಒಳಗೆ ಹೋದರು. ಬರುವಾಗ ಕೈಯಲ್ಲಿ ಕಟ್ಟು ಹಾಕಿಸಿದ ಒಂದು ಫೋಟೊ. ನಾನು ಬೇಡ ಅನ್ನುವಷ್ಟರಲ್ಲಿ ಫೋನ್ ಎತ್ತಿಕೊಂಡು, ಫೋಟೊವನ್ನು ಅಪ್ಪನ ಮುಖಕ್ಕೆ ನೇರ ಹಿಡಿದು, "ಇವನೇ. ನಿಮಗೆ ತೋರಿಸಬೇಕು ಅನ್ನಿಸಿತು. ಥ್ಯಾಂಕ್ಯೂ" ಅಂದರು.

ಅಪ್ಪ ನೋಡಿದ. "ಇದು ನಾಯಿ" ಅಂದ. "ಮೊಲ ಅಂದಿ?" ಫೋನ್ ಇಟ್ಟುಬಿಡುತ್ತಾನೆ, ಅಜ್ಜಿಯ ಎದುರಿಗೇ ಇಟ್ಟುಬಿಡುತ್ತಾನೆ ಅಂದುಕೊಂಡೆ. ಅಪ್ಪ ಇಡಲಿಲ್ಲ, "ಒಣ ಕೂದಲಾ ಮುಟ್ಟಿದ್ರ ಮೈಲಿಗಿ ಆಗಂಗಿಲ್ಲ. ಕೈ ತೊಳಕೊಂಡು ನಮಾಜಿಗೆ ನಿಲ್ಲು. ಅಪ್ಪಗ ಸುಳ್ಳು ಹೇಳಿದ್ದು ಯಾವ ನೀರಾಗ ತೊಳೀತೀ?" ಅಂದ. ತಪ್ಪಾಯಿತು ಅಂದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ, ಫೋಟೊವನ್ನೇ ನೋಡುತ್ತಿದ್ದ.

"ಎಷ್ಟು ವರ್ಷ ಇತ್ತು?"

"ಹದಿನಾಲ್ಕು."

"ಆಕಿಗೆ ಮಕ್ಕಳು ಮರಿ?"

"ಯಾರೂ ಇಲ್ಲಪ್ಪಾ. ಇದು ಅವರ ಕಾಲ ಮೇಲೇ ಮಲಗ್ತಿತ್ತು. ಅದಕ್ಕೇ ಕಾಲುಚೀಲ ಮಾಡ್ಕೋಬೇಕು ಅಂತಿದ್ರು. ನಾನು ಕೆಡಿಸಿದೆನಲ್ಲ, ಇನ್ನು ಒಂದೇ ಕಾಲಿಗೆ ಆಗುತ್ತೆ."

ಅಜ್ಜಿ ನಮ್ಮಿಬ್ಬರ ಮುಖ ನೋಡುತ್ತಾ ಫೋಟೊ ಹಿಡಿದುಕೊಂಡೇ ನಿಂತಿದ್ದರು, ತಾನೇನೋ ತಪ್ಪು ಮಾಡಿದೆನೇನೋ ಅನ್ನುವಂತೆ. ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. ಅಂಗಡಿಗೆ ಬಂದವರು ಯಾರೋ ಸಲಾಂ ಹೇಳಿದರು, ಕೈಸನ್ನೆಯಿಂದ ಆಮೇಲೆ ಬಾ ಅಂದ.

"ಕೆಟ್ಟದ್ದು ಎಲ್ಲೈತಿ? ಚೆಲ್ಲಿಯೇನು?"

"ಇಲ್ಲ. ಇಲ್ಲೇ ಐತಿ."

"ತಗೊಂಬಾ ಇಲ್ಲಿ. ಒಂದೊಂದ ಗಂಟು ಬೆರಳಿಲೆ ಬಿಡಸೂಣು. ಇವತ್ತ ಆಗಲಿಲ್ಲಂದ್ರ ನಾಳಿ, ನಾಳಿ ಆಗಲಿಲ್ಲಂದ್ರ ನಾಡದ. ಒಂದ ಕಾಲಿಗೆ ಹಾಕ್ಕೊಂಡು ಹೆಂಗ ಇರತಾಳ ಆಕಿ?"

ಅಜ್ಜಿ ನನ್ನ ತೋಳು ಹಿಡಿದು, "ಏನಂದರು? ಬೇಜಾರಾಯ್ತಾ ಅವರಿಗೆ?" ಅಂತ ಕೇಳಿದರು. ಕೆಟ್ಟದ್ದರ ಚೀಲ ತಂದು ಮೇಜಿನ ಮೇಲೆ ಸುರಿದೆ, ಅಪ್ಪನಿಗೆ ಕಾಣುವಂತೆ ಫೋನನ್ನು ಟೀ ಕೆಟಲಿಗೆ ಒರಗಿಸಿಟ್ಟೆ, ಮೊದಲನೇ ಗಂಟು ಬೆರಳಿಗೆ ತಗೊಂಡೆ.